ತೊಂಬತ್ತರ ಗೆರೆ

ಭೂಮಿಗಾಗಿ, ನದಿಗಾಗಿ, ಸಿಂಹಾಸನಕ್ಕಾಗಿ ಜನ ಹೊಡೆದಾಡಿದ ಕಥೆಗಳನ್ನು ಎಲ್ಲರೂ ಓದಿರುತ್ತಾರೆ. ಆದರೆ ನವುಲೆಯ ಸಸಿ ಬೆಳೆಸುವ ಲ್ಯಾಬೊಂದರಲ್ಲಿ, ನೀಲಿ ಪ್ಲಾಸ್ಟಿಕ್ ಸ್ಟೂಲೊಂದು ಯಾರ ಸುಪರ್ದಿನಲ್ಲಿರಬೇಕು ಎಂಬ ಗಂಭೀರ ಪ್ರಶ್ನೆ ಎದ್ದದ್ದನ್ನು ಯಾವ ಚರಿತ್ರಕಾರನೂ ಬರೆದಿಟ್ಟಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬಿಕೊಡಲಾಗುತ್ತಿದೆ.

ಸ್ಟೂಲು ಲಿಖಿತಾಳದು. ಅಂದರೆ ಲ್ಯಾಬಿನದೇ. ಆದರೆ ಮೂರು ವರ್ಷದಿಂದ ಅದರ ಮೇಲೆ ಕೂತು ಏಲಕ್ಕಿ ಬಾಳೆಯ ಎಳೆ ಮೊಳಕೆಗಳನ್ನು ಬಾಟಲಿಯಿಂದ ಬಾಟಲಿಗೆ ಬದಲಿಸುತ್ತಿದ್ದವಳು ಅವಳು. ಸ್ಟೂಲಿನ ಒಂದು ಕಾಲು ತುಸು ಗಿಡ್ಡ. ಆ ಕಾಲಿನಡಿ ರಟ್ಟನ್ನು ಎಷ್ಟು ಮಡಿಕೆ ಮಡಚಿ ಇಡಬೇಕು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಅವಳು ಕೈ ತೊಳೆದು ಬರುವಷ್ಟರಲ್ಲಿ ಸ್ಟೂಲು ಮಾಯ. ರಟ್ಟು ಮಾತ್ರ ನೆಲದ ಮೇಲೆ ಅನಾಥವಾಗಿ ಬಿದ್ದಿತ್ತು.

ಹಿಂದಿನ ಶೆಡ್ಡಿಗೆ ಹೋಗಿ ನೋಡಿದರೆ, ಸ್ಟೂಲಿನ ಮೇಲೆ ಒಬ್ಬ ನಿಂತಿದ್ದಾನೆ. ಶೂ ಹಾಕಿಕೊಂಡೇ.

“ರೀ... ಅದು ಕೂರೋ ಸ್ಟೂಲು.”

ಅವನು ತಿರುಗಲಿಲ್ಲ. “ಒಂದು ನಿಮಿಷ ಮೇಡಂ. ಎಂಬತ್ತೇಳೋ ಎಂಬತ್ತೆಂಟೋ ನೋಡ್ತಿದ್ದೀನಿ.”

“ಎಂಬತ್ತೇಳಾದ್ರೆ ಎಂತ, ಎಂಬತ್ತೆಂಟಾದ್ರೆ ಎಂತ?”

“ಎಂಬತ್ತೇಳಾದ್ರೆ ಎಂಬತ್ತೇಳು ಅಂತ ಬರೀಬೇಕು.”

ಎಷ್ಟು ಸರಳ ಉತ್ತರವೆಂದರೆ, ಲಿಖಿತಾಳಿಗೆ ಜಗಳ ಮುಂದುವರಿಸಲು ಜಾಗವೇ ಸಿಗಲಿಲ್ಲ. ಅವನು ಇಳಿದ. ತನ್ನ ಕರ್ಚೀಫಿನಿಂದ ಸ್ಟೂಲು ಒರೆಸಿದ. ಕರ್ಚೀಫಿನಲ್ಲಿ ಗ್ರೀಸ್ ಇದ್ದುದರಿಂದ ಸ್ಟೂಲು ಮೊದಲಿಗಿಂತ ಕೊಳೆಯಾಯಿತು. ಇಬ್ಬರೂ ಅದನ್ನೇ ನೋಡಿದರು.

“ಎಂಬತ್ತೇಳು ಮೇಡಂ,” ಅಂದ ಅವನು, ಕ್ಷಮೆ ಕೇಳುವ ದನಿಯಲ್ಲಿ.

ಅವನ ಹೆಸರು ಮನೋಹರ. ಭದ್ರಾವತಿಯ ಜನ್ನಾಪುರದವನು. ತಂಪು ಮಾಡುವ ಯಂತ್ರಗಳ ರಿಪೇರಿ ಗುತ್ತಿಗೆ ಹಿಡಿದಿದ್ದ ಶಿವರಾಜ್ ಎಂಬುವರ ಬಳಿ ಮೆಕ್ಯಾನಿಕ್. ಪ್ರತಿ ಸೋಮವಾರ ಒಂಬತ್ತೂವರೆಗೆ ಲ್ಯಾಬಿಗೆ ಬಂದು ಚಿಲ್ಲರ್ ನೋಡಿ ಹೋಗುವುದು ಅವನ ಕೆಲಸ.

ಚಿಲ್ಲರ್ ಅಂದರೆ ಲ್ಯಾಬಿನ ಜೀವ. ಬಾಳೆಯ ಬಾಟಲಿಗಳಿದ್ದ ಕೋಣೆ ಸದಾ ಇಪ್ಪತ್ತೈದು ಡಿಗ್ರಿಯಲ್ಲಿರಬೇಕು. ಶೆಡ್ಡಿನ ಎತ್ತರದ ಸ್ಟೀಲ್ ಟ್ಯಾಂಕಿನಲ್ಲಿ ತಣ್ಣೀರು. ಅದನ್ನು ಪಂಪು ಕೋಣೆಯ ಸುತ್ತ ಓಡಿಸುತ್ತಿತ್ತು. ಟ್ಯಾಂಕಿನ ಪಕ್ಕಕ್ಕೆ ಒಂದು ಪಾರದರ್ಶಕ ಕೊಳವೆ, ಲೆವೆಲ್ ಟ್ಯೂಬ್. ಒಳಗೆ ನೀರು ಎಷ್ಟಿದೆಯೋ ಕೊಳವೆಯಲ್ಲೂ ಅಷ್ಟೇ ನಿಲ್ಲುತ್ತದೆ. ಪಕ್ಕದಲ್ಲಿ ಸೊನ್ನೆಯಿಂದ ನೂರರವರೆಗೆ ಗೆರೆಗಳು. ವಾರಕ್ಕೆ ಮೂರು ನಾಲ್ಕು ಗೆರೆ ನೀರು ಇಳಿಯುವುದು ರೂಢಿ. ಅವನು ಹತ್ತಿ ನೋಡಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಕಡಿಮೆಯಾದಷ್ಟು ತುಂಬಿಸಬೇಕು. ಗೆರೆ ನೇರಕ್ಕೆ ಕಣ್ಣಿಟ್ಟು ಓದಲು ಸ್ಟೂಲು ಬೇಕು.

ಹೀಗೆ ವಾರಕ್ಕೊಮ್ಮೆ ಸ್ಟೂಲು ಹೋಗುವುದು, ಬರುವುದು ನಡೆಯಿತು. ಬಂದ ಮೇಲೆ ಲಿಖಿತಾ ಸ್ಪಿರಿಟ್ ಹಚ್ಚಿ ಶೂ ಗುರುತು ಒರೆಸುತ್ತಿದ್ದಳು. ಎಡಗಾಲಿನ ಹಿಮ್ಮಡಿ ಒಂದು ಕಡೆ ಸವೆದ ಗುರುತು. ಅದು ಅವಳಿಗೆ ಬಾಯಿಪಾಠವಾಗಿತ್ತು.

“ಶೂ ಬಿಚ್ಚಿ ಹತ್ತಬಾರದಾ?”

“ಬಿಚ್ಚಿದ್ರೆ ಜಾರುತ್ತೆ ಮೇಡಂ.”

“ಜಾರಿದ್ರೆ ನಾನು ಹಿಡ್ಕೋತೀನಾ ಅಂತ ಭಯಾನಾ?”

“ಹಿಡ್ಕೊಳ್ದೇ ಇದ್ರೆ ಅಂತ ಭಯ.”

ಪಕ್ಕದ ಮೇಜಿನ ಅಮೂಲ್ಯ ಕೆಮ್ಮಿದಳು. ಅವಳಿಗೆ ಕೆಮ್ಮು ಇರಲಿಲ್ಲ.

ಆರು ತಿಂಗಳಾಗುವಷ್ಟರಲ್ಲಿ ಸೋಮವಾರದ ಕೊನೆಗೆ ಗೇಟಿನೆದುರು ಎಳನೀರು ಕುಡಿಯುವುದು ರೂಢಿಯಾಯಿತು. ಲಿಖಿತಾ ಸ್ಟ್ರಾದ ತುದಿಗೆ ಬೆರಳಿಟ್ಟು ಎಳನೀರನ್ನು ಒಳಗೇ ಹಿಡಿದೆತ್ತಿ, ಅವನ ರಿಜಿಸ್ಟರಿನ ಮೇಲೆ ತಂದು ಬೆರಳು ತೆಗೆಯುವ ಬೆದರಿಕೆ ಹಾಕುತ್ತಿದ್ದಳು. ಪದವಿ ಪಡೆದ, ಇಪ್ಪತ್ತಾರು ವರ್ಷದ ಹೆಣ್ಣುಮಗಳು ಮಾಡುವ ಕೆಲಸವೇ ಅದು? ಅವನು ಮಾತ್ರ ಪ್ರತಿ ಸಲವೂ ಹೆದರಿದಂತೆ ನಟಿಸುತ್ತಿದ್ದ.

ಮಹಾಲಯ ಕಳೆದ ಮೇಲೊಂದು ಸೋಮವಾರ ಅವನು ಎಳನೀರಿನ ಬುರುಡೆಯನ್ನೇ ನೋಡುತ್ತ ಕೇಳಿದ. “ವಿಜಯದಶಮಿ ದಿನ ಅಮ್ಮನ್ನ ಕರ್ಕೊಂಡು ವಿದ್ಯಾನಗರಕ್ಕೆ ಬರ್ಲಾ? ನಿಮ್ಮ ಮನೆಗೆ?”

ಲಿಖಿತಾ ಸ್ಟ್ರಾದಿಂದ ಬೆರಳು ತೆಗೆದುಬಿಟ್ಟಳು. ಎಳನೀರು ಅವಳ ಕಾಲ ಮೇಲೇ ಬಿತ್ತು.

“ಶೂ ಬಿಚ್ಚಿ ಒಳಗೆ ಬರೋದಾದ್ರೆ ಬನ್ನಿ. ಹನ್ನೊಂದು ಗಂಟೆಗೆ.”

*

ಆಯುಧಪೂಜೆಯ ದಿನ ಲ್ಯಾಬು ಮದುವೆ ಮನೆಯಂತಿತ್ತು. ಸೂಕ್ಷ್ಮದರ್ಶಕಕ್ಕೆ ಹೂವು, ತಕ್ಕಡಿಗೆ ಕುಂಕುಮ. ಲ್ಯಾಬಿನ ಮುಖ್ಯಸ್ಥೆ ರಂಜಿನಿ ಮೇಡಂ ತಮ್ಮ ಸ್ಟೇಪ್ಲರಿಗೂ ಒಂದು ಬೊಟ್ಟಿಟ್ಟರು. ಮಂಗಳಾರತಿಯಾಗಿ ಎಲ್ಲರೂ ಮಂಡಕ್ಕಿ ಪೊಟ್ಟಣ ಹಿಡಿದು ಹೊರಟಾಗ ಲಿಖಿತಾಳಿಗೆ ನೆನಪಾಯಿತು... ಚಿಲ್ಲರಿಗೆ ಯಾರೂ ಪೂಜೆ ಮಾಡಿಲ್ಲ.

ಅದು ಅವನ ಮಿಷಿನ್. ಬಿಟ್ಟು ಹೋಗಲು ಅವಳಿಗೆ ಮನಸ್ಸಾಗಲಿಲ್ಲ.

ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಸ್ಟೂಲು ಹತ್ತಿದಳು. ಲೆವೆಲ್ ಟ್ಯೂಬಿನ ತುದಿಯಲ್ಲಿ ಒಂದು ಹಿತ್ತಾಳೆಯ ಮುಚ್ಚಳವಿತ್ತು, ಪುಟ್ಟ ಬೋಳುತಲೆಯ ಹಾಗೆ. ಅದಕ್ಕೆ ಗಟ್ಟಿ ಗಂಧ ಮೆತ್ತಿ, ಮೇಲೊಂದು ಚೆಂಡುಹೂವಿನ ಎಸಳು ಅಂಟಿಸಿ, ಅದರ ಮೇಲೆ ಕುಂಕುಮವಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಚೆನ್ನಾಗಿ ಒತ್ತಿದಳು. ಫೋಟೋ ತೆಗೆದು ಅವನಿಗೆ ಕಳಿಸಿದಳು. ‘ನಿಮ್ಮ ಮಿಷಿನ್ನಿಗೂ ಹಬ್ಬ.’

ಅವನು ಒಂದು ಕೆಂಪು ಹೃದಯ ಕಳಿಸಿದ. ಅಳಿಸಿದ. ಎರಡು ನಿಮಿಷದ ಮೇಲೆ ಮತ್ತೆ ಕಳಿಸಿದ.

ಮಾರನೆಯ ದಿನ ಹನ್ನೊಂದಕ್ಕೆ ಅವನು ಬರಲಿಲ್ಲ.

ಹನ್ನೆರಡಾಯಿತು, ಎರಡಾಯಿತು. ಶಾವಿಗೆ ಪಾಯಸ ಗಟ್ಟಿಯಾಯಿತು. ಫೋನು ಮಾಡಿದರೆ ರಿಂಗಾಗುತ್ತಿದೆ, ಎತ್ತುವವರಿಲ್ಲ. ಗಂಡಿನ ಕಡೆಯವರನ್ನು ನೋಡಲೆಂದೇ ಬಂದಿದ್ದ ಚಿಕ್ಕಮ್ಮ, “ಟ್ರಾಫಿಕ್ ಇರ್ಬೇಕು ಬಿಡೆ,” ಅಂದರು. ಭದ್ರಾವತಿ ರಸ್ತೆಯಲ್ಲಿ ಹಬ್ಬದ ದಿನ ಮೂರು ಗಂಟೆಯ ಟ್ರಾಫಿಕ್ ಯಾರೂ ಕಂಡಿಲ್ಲ.

ಅವನು ಬಂದದ್ದು ಐದೂವರೆಗೆ. ತಾಯಿ ಪುಟ್ಟಲಕ್ಷ್ಮಿ ಜೊತೆಗಿದ್ದರು. ಅವನ ಬಿಳಿ ಅಂಗಿಯ ತೋಳಿಗೆ ಗ್ರೀಸ್. ಆಸ್ಪತ್ರೆಯಲ್ಲಿ ರಕ್ತ ಇಟ್ಟಿದ್ದ ಒಂದು ಫ್ರಿಜ್ ಬೆಳಿಗ್ಗೆ ನಿಂತುಹೋಗಿತ್ತಂತೆ. ಬೇರೆ ಮೆಕ್ಯಾನಿಕ್ ಸಿಗಲಿಲ್ಲವಂತೆ. ಫೋನು ಅವಸರದಲ್ಲಿ ಮನೆಯಲ್ಲೇ ಉಳಿಯಿತಂತೆ.

ಎಲ್ಲವೂ ನಿಜ. ಲಿಖಿತಾಳಿಗೂ ಅದು ನಿಜವೆಂದು ಗೊತ್ತಿತ್ತು. ಬಾಗಿಲ ಹಿಂದೆ ನಿಂತು ಪ್ರತಿ ಮಾತನ್ನೂ ಕೇಳಿಸಿಕೊಂಡಳು. ಆದರೂ ಆಚೆ ಬರಲಿಲ್ಲ.

‘ಯಾರ ಹತ್ರಾನಾದ್ರೂ ಫೋನ್ ಇಸ್ಕೊಂಡು ಒಂದು ಮಾತು ಹೇಳ್ಬಹುದಿತ್ತಲ್ಲ... ಒಂದೇ ಒಂದು ಮಾತು.’

“ಅವಳಿಗೆ ತಲೆನೋವು,” ಅಂದರು ಅಮ್ಮ. ಪುಟ್ಟಲಕ್ಷ್ಮಿ ಕಾಫಿ ಕುಡಿದು, ಕುಂಕುಮ ತೆಗೆದುಕೊಂಡು ಹೊರಟರು.

*

ಸೋಮವಾರ ಮನೋಹರ ಎಂದಿನಂತೆ ಬಂದ. ಸ್ಟೂಲು ಕೇಳಲಿಲ್ಲ. ಅವಳು ಎದ್ದು ನಿಂತಳು, ಅವನು ಒಯ್ದ. ತಂದಿಟ್ಟ.

“ತೊಂಬತ್ತು,” ಅಂದ, ಯಾರೂ ಕೇಳದಿದ್ದರೂ. “ಈ ವಾರ ಒಂದು ಗೆರೆನೂ ಇಳಿದಿಲ್ಲ.”

ಅವಳು ಸ್ಟೂಲಿನ ಗಿಡ್ಡ ಕಾಲಿನಡಿ ರಟ್ಟು ಸರಿಸಿದಳು.

“ಲಿಖಿತಾ... ಆವತ್ತು...”

ಅವಳು ಸ್ಪಿರಿಟ್ ಬಾಟಲಿ ತೆಗೆದು ಸ್ಟೂಲು ಒರೆಸತೊಡಗಿದಳು. ಎಡಗಾಲಿನ ಸವೆದ ಹಿಮ್ಮಡಿ ಸ್ಪಷ್ಟವಾಗಿ ಮೂಡಿತ್ತು. ಪ್ಲಾಸ್ಟಿಕ್ಕಿನ ಬಣ್ಣವೇ ಕಿತ್ತು ಬರುವಂತೆ ಉಜ್ಜಿದಳು. ಅವನು ಒಂದಷ್ಟು ಹೊತ್ತು ನಿಂತಿದ್ದು ಹೋದ.

ಮುಂದಿನ ಸೋಮವಾರ ಬೆಳಿಗ್ಗೆ ಬಾಟಲಿ ಕೋಣೆಯ ಬಾಗಿಲು ತೆರೆದ ಅಮೂಲ್ಯ ಅಲ್ಲೇ ನಿಂತುಬಿಟ್ಟಳು. ಒಳಗಿಂದ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಥರ್ಮಾಮೀಟರು ಮೂವತ್ತೊಂಬತ್ತು ತೋರಿಸುತ್ತಿತ್ತು.

ಭಾನುವಾರ ಯಾರೂ ಇರಲಿಲ್ಲ. ಪಂಪು ನೀರಿಲ್ಲದೆ ಬರೀ ಗಾಳಿ ಎಳೆದು ಸುಟ್ಟುಹೋಗಿತ್ತು. ನಾಲ್ಕು ಸಾವಿರ ಬಾಟಲಿಗಳಲ್ಲಿ ಬಾಳೆಯ ಮೊಳಕೆಗಳು ಬೇಯಿಸಿದ ಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು. ಅದರಲ್ಲಿ ಅರ್ಧ ಲಿಖಿತಾಳ ಕೈಯಿಂದಲೇ ಬಾಟಲಿಗೆ ಹೋದವು.

ಹತ್ತು ಗಂಟೆಗೆ ಶಿವರಾಜ್ ಬಂದರು. ಟ್ಯಾಂಕಿನ ಮುಚ್ಚಳ ತೆಗೆದರು. ತಳ ಕಾಣುತ್ತಿತ್ತು. ಕೊಳವೆ ನೋಡಿದರು, ಅದರಲ್ಲೂ ನೀರಿಲ್ಲ. ಆಮೇಲೆ ರಿಜಿಸ್ಟರು ಬಿಡಿಸಿದರು. ಹೋದ ಸೋಮವಾರ: ತೊಂಬತ್ತು.

“ಪೈಪು ಒಡೆದಿಲ್ಲ. ಪಂಪಿನ ಸೀಲು ಸೋರಿದೆ, ಅಷ್ಟೇ,” ಅಂದರು ಶಿವರಾಜ್. “ಇಷ್ಟು ಸೋರೋಕೆ ಹನ್ನೊಂದು ದಿನ ಆದ್ರೂ ಬೇಕು. ಅಂದ್ರೆ ಹೋದ ಸೋಮವಾರಾನೇ ಅರ್ಧಕ್ಕೆ ಬಂದಿತ್ತು. ನೀನು ತೊಂಬತ್ತು ಅಂತ ಬರೆದಿದ್ದೀಯ. ನೋಡ್ದೇ ಬರೆದ್ಯಾ?”

“ನೋಡೇ ಬರೆದಿದ್ದೀನಿ ಸಾರ್.” ಮನೋಹರನ ದನಿ ತಗ್ಗಿತ್ತು. “ಸ್ಟೂಲ್ ಹತ್ತಿ ನೋಡಿದ್ದೀನಿ.”

ರಂಜಿನಿ ಮೇಡಂ ತಿರುಗಿದರು. “ಲಿಖಿತಾ, ಸ್ಟೂಲು ನಿನ್ನ ಹತ್ರಾನೇ ಇರುತ್ತಲ್ಲ. ಹೋದ ಸೋಮವಾರ ಇವ್ರು ತಗೊಂಡ್ ಹೋಗಿದ್ರಾ?”

ಮನೋಹರ ಅವಳನ್ನು ನೋಡಿದ. ಬೇಡುವ ನೋಟವಲ್ಲ, ಉತ್ತರ ಗೊತ್ತಿರುವವರ ಕಡೆ ಜನ ಹೇಗೆ ನೋಡುತ್ತಾರೋ ಹಾಗೆ.

ಲಿಖಿತಾಳ ಮೂಗಿಗೆ ಸ್ಪಿರಿಟ್ಟಿನ ವಾಸನೆ ಬಂತು. ಅಂಗೈಗೆ ಆ ಉಜ್ಜುವಿಕೆ ನೆನಪಾಯಿತು. ಜೊತೆಗೇ ನೆನಪಾದದ್ದು ಗಟ್ಟಿಯಾದ ಪಾಯಸ, ಗಡಿಯಾರ, ಚಿಕ್ಕಮ್ಮನ ಮುಖ.

“ನಾನು... ಗಮನಿಸಲಿಲ್ಲ ಮೇಡಂ.”

ಅಷ್ಟೇ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸುಳ್ಳು ಅಂತ ಯಾರೂ ಬೊಟ್ಟು ಮಾಡಿ ತೋರಿಸಲಾಗದ ಸುಳ್ಳು.

ಮನೋಹರ ರಿಜಿಸ್ಟರನ್ನು ಮೆತ್ತಗೆ ಮುಚ್ಚಿದ. ಆ ವಾರವೇ ಶಿವರಾಜ್ ಅವನನ್ನು ಕೆಲಸದಿಂದ ಬಿಡಿಸಿದರು. ನೋಡದೆ ಬರೆಯುವವನು ಅನ್ನುವ ಮಾತು ಶಿವಮೊಗ್ಗದ ಮೆಕ್ಯಾನಿಕ್ಕುಗಳ ನಡುವೆ ಅವನಿಗಿಂತ ಬೇಗ ಓಡಾಡಿತು.

*

ಅವನ ಜಾಗಕ್ಕೆ ವಿಷ್ಣು ಬಂದ. ಆರಡಿ ಎತ್ತರದ ಆಸಾಮಿ, ಸ್ಟೂಲು ಬೇಡ. ಸುಟ್ಟ ಪಂಪು ರಿಪೇರಿ ಮಾಡಿ, ಸೀಲು ಬದಲಿಸಿ ಟ್ಯಾಂಕಿಗೆ ನೀರು ತುಂಬಿಸಿದ. ಕೊಳವೆಯಲ್ಲಿ ನೀರು ಹತ್ತರ ಗೆರೆಗೆ ಬಂದು ನಿಂತಿತು. ಇನ್ನಷ್ಟು ತುಂಬಿಸಿದ. ಹತ್ತೇ. ಮತ್ತಷ್ಟು. ಟ್ಯಾಂಕು ಉಕ್ಕಿ ಶೆಡ್ಡೆಲ್ಲ ನೀರಾಗಿ, ಅಮೂಲ್ಯಳ ಚಪ್ಪಲಿ ತೇಲಿಕೊಂಡು ಗೇಟಿನವರೆಗೆ ಹೋಯಿತು.

ಕೆಳಗಿನ ವಾಲ್ವು ಬಿಚ್ಚಿ ತೊಳೆದ. ಕೊಳವೆಗೆ ತಟ್ಟಿ ನೋಡಿದ. ಮೂರು ವಾರ ಹೀಗೇ ನಡೆಯಿತು. ಟ್ಯಾಂಕು ತುಂಬಿದೆ, ಕೊಳವೆ ಮಾತ್ರ ‘ನೀರಿಲ್ಲ’ ಅನ್ನುತ್ತಿದೆ.

“ಹೊಸ ಟ್ಯೂಬ್ ತರಿಸೋಕೆ ಮುಂಚೆ ನೀನೊಂದ್ಸಲ ನೋಡು,” ಅಂದರು ರಂಜಿನಿ ಮೇಡಂ ಲಿಖಿತಾಳಿಗೆ. “ನಿಂಗೆ ತಾಳ್ಮೆ ಇದೆ.”

ಅವಳು ಸ್ಟೂಲು ಒಯ್ದಳು. ಅಮೂಲ್ಯ ಬಕೆಟ್ಟು ಹಿಡಿದು ಹಿಂದೆ ಬಂದಳು.

ಲ್ಯಾಬಿನಲ್ಲಿ ಕಲಿತಂತೆ ಒಂದೊಂದನ್ನೇ ನೋಡಿದಳು. ಕೆಳಗಿನ ವಾಲ್ವು ತೆರೆದಿದೆ. ಕೊಳವೆಯಲ್ಲಿ ಕಸವಿಲ್ಲ. ಟ್ಯಾಂಕಿನ ಮುಚ್ಚಳ ಎತ್ತಿದರೆ ನೀರು ಅಂಚಿನವರೆಗಿದೆ. ಹಾಗಾದರೆ ಕೊಳವೆಯಲ್ಲಿ ನೀರು ಏಕೆ ಏರುತ್ತಿಲ್ಲ? ಅದರ ಜಾಗದಲ್ಲಿ ಬೇರೆ ಏನೋ ಕೂತಿದೆ... ಗಾಳಿ. ಮೇಲೆ ಹೋಗಲು ದಾರಿ ಇಲ್ಲದ ಗಾಳಿ.

ಅವಳು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಹಿತ್ತಾಳೆ ಮುಚ್ಚಳದ ನೆತ್ತಿ ನೋಡಿದಳು.

ಒಣಗಿದ ಗಂಧ. ಮಂಕಾದ ಕುಂಕುಮ. ಕಾಗದದಂತೆ ಅಂಟಿಕೊಂಡ ಚೆಂಡುಹೂವಿನ ಎಸಳು. ಅದರ ಮೇಲೆ ಒಂದು ಹೆಬ್ಬೆರಳ ಗುರುತು.

ಅವಳದೇ.

ಸೂಜಿಯಿಂದ ಎಸಳು ಕೆದಕಿದಳು. ಅಡಿಯಲ್ಲಿ ಸಾಸಿವೆ ಕಾಳಿನಷ್ಟು ತೂತು. ಸುಸ್ ಎಂದು ಸಣ್ಣಗೆ ಉಸಿರು ಬಿಟ್ಟ ಸದ್ದು. ಕೊಳವೆಯಲ್ಲಿ ನೀರು ಸರಸರನೆ ಏರಿ ತೊಂಬತ್ತಾರಕ್ಕೆ ನಿಂತಿತು.

“ಆಯ್ತಲ್ಲ ಮಾರಾಯ್ತಿ, ಇಳಿ,” ಅಂದಳು ಅಮೂಲ್ಯ.

ಲಿಖಿತಾ ಇಳಿಯಲಿಲ್ಲ. ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. “ಅಮೂಲ್ಯ, ಟ್ಯಾಂಕಿನ ಕೆಳಗಿನ ನಲ್ಲಿ ಬಿಡು. ಬಕೆಟ್ ತುಂಬಿದ್ರೂ ನಿಲ್ಲಿಸ್ಬೇಡ.”

ನೀರು ಬಿತ್ತು. ಒಂದು ಬಕೆಟ್ಟು, ಐದು, ಹತ್ತು. ಕೊಳವೆಯಲ್ಲಿ ತೊಂಬತ್ತಾರು.

“ಇದೆಂತ ಮಾರಾಯ್ತಿ... ನೀರು ಹೋಗ್ತಾ ಇದೆ, ಟ್ಯೂಬ್ ಇಳೀತಿಲ್ವಲ್ಲ.”

ಎಳನೀರಿನ ಸ್ಟ್ರಾ ಲಿಖಿತಾಳ ಕಣ್ಣೆದುರಿಗಿತ್ತು. ತುದಿಗೆ ಬೆರಳಿಟ್ಟರೆ ಬೀಳದ ನೀರು. ಅವಳು ಬೆರಳು ತೆಗೆದಳು. ಕೊಳವೆಯ ನೀರು ಒಂದೇ ಏಟಿಗೆ ಕೆಳಗೆ ಜಾರಿತು.

ಹಾಗಾದರೆ ಆ ಸೋಮವಾರ ಒಳಗೆ ಟ್ಯಾಂಕು ಅರ್ಧಕ್ಕಿಳಿದಿತ್ತು, ಹೊರಗೆ ಕೊಳವೆ ಹಬ್ಬದ ದಿನದ ನೀರನ್ನೇ ಹಿಡಿದು ನಿಂತಿತ್ತು. ಆಮೇಲೆ ಟ್ಯಾಂಕು ಪೂರ್ತಿ ಬರಿದಾಗಿ, ತಳದಿಂದ ಗಾಳಿ ನುಗ್ಗಿ, ಕೊಳವೆಯೂ ಬರಿದಾಗಿತ್ತು. ಎಂಬತ್ತೇಳು ಕಂಡರೆ ಎಂಬತ್ತೇಳು ಎಂದು ಬರೆಯುವವನು ತೊಂಬತ್ತು ಕಂಡಿದ್ದಕ್ಕೆ ತೊಂಬತ್ತು ಎಂದು ಬರೆದಿದ್ದ.

ಕೊಳವೆ ಸುಳ್ಳು ಹೇಳಿತ್ತು. ಅದಕ್ಕೆ ಬಾಯಿ ಮುಚ್ಚಿಸಿದವಳು ತಾನು. ಆದರೆ ತನಗೆ ಬಾಯಿ ಇತ್ತಲ್ಲ?

‘ಗಂಧ ಇಟ್ಟಿದ್ದು ಗೊತ್ತಿಲ್ಲದೆ,’ ಎಂದು ಮನಸ್ಸು ಕೂಡಲೇ ಸಮಾಧಾನಕ್ಕೆ ಬಂತು. ‘ಗಮನಿಸಲಿಲ್ಲ ಅಂದಿದ್ದು?’ ಎಂದು ಅದೇ ಮನಸ್ಸು ಕೇಳಿತು.

ಒಳಗೆ ಬಂದು ಅವಳು ಸ್ಪಿರಿಟ್ಟು ತೆಗೆದು ಸ್ಟೂಲು ಒರೆಸಿದಳು. ಅದರ ಮೇಲೆ ಯಾವ ಗುರುತೂ ಇರಲಿಲ್ಲ.

*

ಭಾನುವಾರ ಲಿಖಿತಾ ಜನ್ನಾಪುರದಲ್ಲಿ ಬಸ್ಸಿಳಿದಳು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಬಾಗಿಲಿಲ್ಲದ ಮೂರು ಫ್ರಿಜ್‌ಗಳು ನಿಂತಿದ್ದ ಮನೆ ಆ ಬೀದಿಯಲ್ಲಿ ಒಂದೇ.

ಪುಟ್ಟಲಕ್ಷ್ಮಿ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತ ಕೂತಿದ್ದರು. ತಲೆ ಎತ್ತಿ ನೋಡಿದರು. ಗುರುತು ಹಿಡಿಯಲು ಅವರಿಗೆ ಹೊತ್ತು ಹಿಡಿಯಲಿಲ್ಲ, ಮಗನ ಫೋನಿನಲ್ಲಿ ಫೋಟೋ ಕಂಡಿದ್ದರು.

“ಬಾರಮ್ಮ. ವಿಜಯದಶಮಿ ದಿನ ತಲೆನೋವು ಅಂದ್ರಲ್ಲ... ಈಗ ಹೋಯ್ತಾ?”

ಲಿಖಿತಾಳ ಕಿವಿ ಬಿಸಿಯಾಯಿತು. “ತಲೆನೋವು ಇರ್ಲಿಲ್ಲ ಅಮ್ಮ. ಸಿಟ್ಟಿತ್ತು.”

ಪುಟ್ಟಲಕ್ಷ್ಮಿ ಮೊರ ಕೆಳಗಿಟ್ಟರು. “ಹಂಗಂತ ಹೇಳಿದ್ದಿದ್ರೆ ಅವತ್ತೇ ಒಂದು ಲೋಟ ಹೆಚ್ಚಿಗೆ ಕಾಫಿ ಕುಡ್ದು ಕಾಯ್ತಿದ್ದೆ ನಾನು. ಸಿಟ್ಟು ಇಳಿಯುತ್ತೆ. ತಲೆನೋವಿನ ಮನೇಲಿ ಕೂರಕ್ಕಾಗಲ್ಲ ನೋಡು.” ಮೊರ ಎತ್ತಿಕೊಂಡು ಒಳಗೆ ಹೋಗುತ್ತ ಕೂಗಿದರು. “ಮನು, ನಿಂಗೆ ಯಾರೋ ಬಂದವ್ರೆ. ಫ್ರಿಜ್ ತಂದಿಲ್ಲ.”

ಮನೋಹರ ಒಂದು ಫ್ರಿಜ್ಜಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ಎದ್ದ. ಕೂರಿ ಅನ್ನಲು ಸುತ್ತ ನೋಡಿದ. ಕೂರಲು ಏನೂ ಇರಲಿಲ್ಲ.

ಅವಳು ನಿಂತೇ ಹೇಳಿದಳು. ಹತ್ತರ ಗೆರೆ, ಸೂಜಿ, ಎಸಳು, ಹೆಬ್ಬೆರಳು. ಒಂದನ್ನೂ ಬಿಡಲಿಲ್ಲ. ಅವನು ಕೈಲಿದ್ದ ಸ್ಕ್ರೂವನ್ನು ಬೆರಳ ನಡುವೆ ತಿರುಗಿಸುತ್ತ ಕೇಳಿದ.

“ಗೊತ್ತಿತ್ತು,” ಅಂದ ಕೊನೆಗೆ.

“...ಯಾವಾಗಿಂದ?”

“ಟ್ಯಾಂಕ್ ಖಾಲಿ ಅಂತ ಕಂಡ ದಿನವೇ. ಮನೆಗೆ ಬಂದು ಹಬ್ಬದ ದಿನ ನೀವು ಕಳಿಸಿದ್ದ ಫೋಟೋ ದೊಡ್ಡದು ಮಾಡಿ ನೋಡ್ದೆ. ಗಂಧ ತೂತಿನ ಮೇಲೇ ಇತ್ತು.” ಸ್ಕ್ರೂ ತಿರುಗಿಸುವುದು ನಿಲ್ಲಿಸಿದ. “ಅದಕ್ಕೂ ಮುಂಚೆ, ಆ ಸೋಮವಾರಾನೂ ನೋಡಿದ್ದೆ. ಸ್ಟೂಲ್ ಮೇಲಿಂದ ಕಾಣ್ತಿತ್ತು.”

“ನೋಡಿದ್ರಾ? ಮತ್ತೆ ಒರೆಸ್ಲಿಲ್ವಾ?”

“ಒರೆಸ್ಬೇಕಿತ್ತು. ಅದೇ ನನ್ನ ಕೆಲ್ಸ. ಒಣಗಿದ ಗಂಧ ಅಲ್ವಾ, ಎಲ್ಲೋ ಬಿರುಕು ಬಿಟ್ಟಿರುತ್ತೆ, ಗಾಳಿ ಆಡುತ್ತೆ ಅಂದ್ಕೊಂಡೆ.” ಅವನು ಸ್ಕ್ರೂವನ್ನು ಜೇಬಿಗೆ ಹಾಕಿದ. “ಸುಳ್ಳು. ಹಂಗೇನೂ ಅಂದ್ಕೊಳ್ಲಿಲ್ಲ. ನಾಲ್ಕು ದಿನದಿಂದ ನೀವು ಮಾತಾಡಿರ್ಲಿಲ್ಲ. ನನಗೆ ಅಂತ ನೀವು ಇಟ್ಟಿದ್ದು ಅದೊಂದೇ ಉಳಿದಿತ್ತು. ಬೆರಳು ಹೋಗ್ಲಿಲ್ಲ.”

ಲಿಖಿತಾ ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು.

“ಯಾಕೆ ಹೇಳ್ಲಿಲ್ಲ ಅವ್ರಿಗೆ?”

“ನಿಮ್ಮ ಹೆಸರು ಬರ್ತಿತ್ತು. ತಪ್ಪಿನಲ್ಲಿ ನಂದೂ ಪಾಲಿತ್ತು.” ಅವನು ಮೊದಲ ಬಾರಿಗೆ ಅವಳ ಮುಖವನ್ನು ನೇರವಾಗಿ ನೋಡಿದ. “ಗಂಧದ ವಿಷಯಕ್ಕೆ ಬೇಜಾರಿಲ್ಲ. ಪ್ರೀತಿಯಿಂದ ಇಟ್ಟಿದ್ರಿ, ಅಷ್ಟೇ. ಆದ್ರೆ ಸ್ಟೂಲು...”

ಅವಳು ತಲೆ ತಗ್ಗಿಸಿದಳು.

“ನೀವು ಒರೆಸ್ತಿದ್ರಿ. ನಾನು ಅಲ್ಲೇ ನಿಂತಿದ್ದೆ. ಗಮನಿಸದವ್ರು ಅಷ್ಟು ಜೋರಾಗಿ ಒರೆಸಲ್ಲ ಲಿಖಿತಾ.”

ಬೈದಿದ್ದರೆ ಅತ್ತು ಮುಗಿಸಬಹುದಿತ್ತು. ಅವನು ಬೈಯಲಿಲ್ಲ. ಗೆರೆ ಓದಿ ಹೇಳುವ ದನಿಯಲ್ಲೇ ಹೇಳಿದ. ಅವಳಿಗೆ ಅಳುವ ಹಕ್ಕೂ ಇಲ್ಲವೆನ್ನಿಸಿತು.

“ಗೊತ್ತಿತ್ತು ನಂಗೆ,” ಅಂದಳು. “ಗುರುತು ಎಡಗಾಲಿಂದು. ಹಿಮ್ಮಡಿ ಸವೆದಿದ್ದು. ಗೊತ್ತಿದ್ದೇ ಹಂಗಂದೆ. ನಿಮಗೂ ಕಾದು ಸೋಲೋದು ಹೇಗಿರುತ್ತೆ ಅಂತ ಗೊತ್ತಾಗ್ಲಿ ಅನ್ನಿಸ್ತು. ಅರ್ಧ ನಿಮಿಷದ ಸಿಟ್ಟು... ನಿಮ್ಮ ಕೆಲ್ಸ ಹೋಗುತ್ತೆ ಅಂತ ಗೊತ್ತಿರ್ಲಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡ್ಲಿಲ್ಲ. ಕ್ಷಮಿಸಿ ಅನ್ನೋಕೆ ಬಂದೆ.”

“ಇಲ್ಲಿ ನನ್ನೆದುರು ಅನ್ನೋದು ಸುಲಭ ಅಲ್ವಾ?”

ಮಾತು ಮೆತ್ತಗಿತ್ತು. ಆದರೂ ಅವಳು ಅದನ್ನು ಭದ್ರಾವತಿಯಿಂದ ವಿದ್ಯಾನಗರದವರೆಗೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಹೊತ್ತು ತಂದಳು.

*

ಸೋಮವಾರ ಲಿಖಿತಾ ಸ್ಟೂಲನ್ನು ತಾನೇ ಶೆಡ್ಡಿಗೆ ಒಯ್ದು, ರಂಜಿನಿ ಮೇಡಂ ಅವರನ್ನೂ ಶಿವರಾಜರನ್ನೂ ಕರೆಸಿದಳು. ವಿಷ್ಣು, ಅಮೂಲ್ಯ ಕರೆಯದೆಯೇ ಬಂದರು.

ಹತ್ತಿ ನಿಂತು ತೂತಿಗೆ ಬೆರಳಿಟ್ಟಳು. ವಿಷ್ಣು ನಲ್ಲಿ ಬಿಟ್ಟ. ಟ್ಯಾಂಕು ಇಳಿಯಿತು, ಕೊಳವೆ ಇಳಿಯಲಿಲ್ಲ. ಶಿವರಾಜ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೊಳವೆ ಆಗಲೂ ಇಳಿದಿರಲಿಲ್ಲ.

“ಆಯುಧಪೂಜೆ ದಿನ ಇದರ ಮೇಲೆ ಗಂಧ ಇಟ್ಟಿದ್ದು ನಾನು,” ಅಂದಳು. “ಮನೋಹರ್ ನೋಡೇ ಬರೆದಿದ್ರು. ಸ್ಟೂಲ್ ತಗೊಂಡ್ ಹೋಗಿದ್ರು. ಶೂ ಗುರುತು ನಾನೇ ಒರೆಸಿದ್ದೆ. ನೀವು ಕೇಳಿದಾಗ ಗಮನಿಸಲಿಲ್ಲ ಅಂದೆ ಮೇಡಂ. ಅದು ಸುಳ್ಳು.”

ಅವಳು ಬೆರಳು ತೆಗೆದಳು, ಕೊಳವೆಯ ನೀರು ಜಾರಿತು.

ರಂಜಿನಿ ಮೇಡಂ ಕೊಳವೆಯಿಂದ ಅವಳತ್ತ ತಿರುಗಿದರು. “ಗಂಧಕ್ಕೆ ಬೈಯೋಕೆ ನನಗೆ ಬಾಯಿಲ್ಲ. ನಾನು ಸ್ಟೇಪ್ಲರಿಗೇ ಇಟ್ಟವಳು. ಆದ್ರೆ ಒಬ್ರ ಅನ್ನದ ವಿಷಯ ಕೇಳಿದಾಗ...” ಮಾತು ಅಲ್ಲಿಗೇ ಬಿಟ್ಟರು. “ಆರು ತಿಂಗಳು ಬಾಟಲಿ ತೊಳೆಯೋ ಕಡೆ ಇರು. ಮೊಳಕೆ ಮುಟ್ಟಬೇಡ. ಲಿಖಿತವಾಗಿ ಕೊಡ್ತೀನಿ.”

“ಸರಿ ಮೇಡಂ.”

ಶಿವರಾಜ್ ಕೊಳವೆಯನ್ನೇ ನೋಡುತ್ತಿದ್ದರು. “ಇಪ್ಪತ್ತು ವರ್ಷ ಆಯ್ತು ಈ ಕೆಲ್ಸಕ್ಕೆ ಬಂದು,” ಅಂದರು. “ಮೇಲಿನ ತೂತು ನೋಡ್ಬೇಕು ಅಂತ ನನಗೂ ಹೊಳೀಲಿಲ್ಲ. ಆ ಹುಡುಗನ್ನ ಎಲ್ಲರ ಎದುರಿಗೆ ಅಂದ್ಬಿಟ್ಟೆ.” ಫೋನು ತೆಗೆದು ಶೆಡ್ಡಿನ ಆಚೆ ಹೋದರು. ಕ್ಷಮೆ ಕೇಳುವುದು ಅವರಿಗೆ ಅಭ್ಯಾಸವಿರಲಿಲ್ಲವೆಂದು ದೂರದಿಂದಲೇ ತಿಳಿಯುತ್ತಿತ್ತು; ಮೂರು ಸಲ ‘ಊಟ ಆಯ್ತಾ’ ಎಂದು ಕೇಳಿದರು.

ಎಲ್ಲರೂ ಹೋದ ಮೇಲೆ ಲಿಖಿತಾ ರಿಜಿಸ್ಟರಿನ ಹಳೆಯ ಪುಟ ತೆರೆದಳು. ತೊಂಬತ್ತು ಎಂಬ ಅಂಕಿಯನ್ನು ಯಾರೋ ಕೆಂಪು ಶಾಯಿಯಿಂದ ಸುತ್ತಿದ್ದರು. ಅದರ ಪಕ್ಕದಲ್ಲಿ ಅವಳು ಬರೆದಳು. ‘ನೋಡಿ ಬರೆದದ್ದು. ನಾನು ಕಂಡಿದ್ದೇನೆ. ಲಿಖಿತಾ.’

ಒಂದು ವಾರ ಮನೋಹರನ ಫೋನು ಬರಲಿಲ್ಲ. ಬರಬೇಕೆಂದು ಕೇಳಿಕೊಳ್ಳುವ ಮುಖವೂ ಅವಳಿಗಿರಲಿಲ್ಲ. ಬಾಟಲಿ ತೊಳೆದಳು.

ಮುಂದಿನ ಸೋಮವಾರ ಒಂಬತ್ತೂವರೆಗೆ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ಮನೋಹರ. ಶಿವರಾಜ್ ಅವನನ್ನು ಮತ್ತೆ ಕೆಲಸಕ್ಕೆ ಕರೆದಿದ್ದರು. ಅವನು ರಿಜಿಸ್ಟರು ತೆಗೆದು ಹಳೆಯ ಪುಟದವರೆಗೆ ಮಗುಚಿದ. ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಬಗ್ಗಿ ಶೂ ಬಿಚ್ಚಿ ಬಾಗಿಲ ಪಕ್ಕ ಇಟ್ಟ.

ಲಿಖಿತಾ ಒದ್ದೆ ಕೈಯಲ್ಲೇ ಸ್ಟೂಲು ತಂದಳು. ಜೊತೆಗೆ ಮಡಚಿದ ರಟ್ಟು.

“ಜಾರುತ್ತೆ ಅಂತಿದ್ರಿ,” ಅಂದಳು.

“ಅದಕ್ಕೇ ನೀವು ಹತ್ತಿ. ನಾನು ಹಿಡ್ಕೋತೀನಿ.”

ಅವಳು ಹತ್ತಿದಳು. ಮೊದಲು ಮುಚ್ಚಳದ ತೂತು ನೋಡಿದಳು. ತೆರೆದಿತ್ತು. ಆಮೇಲೆ ಗೆರೆಯ ನೇರಕ್ಕೆ ಕಣ್ಣು ತಂದಳು. ಕಣ್ಣು ತುಂಬಿ ಗೆರೆಗಳು ಒಂದರೊಳಗೊಂದು ಸೇರಿದವು.

“ಎಂಬತ್ತಾರೋ... ಎಂಬತ್ತೇಳೋ...”

“ನಿಧಾನ. ಎಂತ ಅವಸರ.”

“ನನ್ನ ಮಾತು ನಂಬ್ತೀರಾ ನೀವು?”

ಸ್ಟೂಲು ಹಿಡಿದಿದ್ದ ಕೈ ಅಲುಗಲಿಲ್ಲ. “ರಿಜಿಸ್ಟರಲ್ಲಿ ಬರೆದಿದ್ದು ಓದ್ದೆ. ಅದನ್ನ ನಂಬ್ದೆ. ಇನ್ನು ವಾರ ವಾರ ನಂಬ್ತಾ ಹೋಗ್ತೀನಿ.” ರಟ್ಟನ್ನು ಕಾಲಿನಿಂದ ಒಳಗೆ ತಳ್ಳುತ್ತ ಕೇಳಿದ. “ಅಮ್ಮ ಕೇಳ್ತಿದ್ರು... ಈ ಭಾನುವಾರ ತಲೆನೋವು ಬರೋ ಹಂಗಿದೆಯಾ ಅಂತ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹನ್ನೊಂದಕ್ಕೆ ಬಂದ್ರೆ ತಲೆನೋವಿಲ್ಲ. ಐದೂವರೆಗೆ ಬಂದ್ರೂ ಇಲ್ಲ. ಫೋನ್ ಮಾತ್ರ ಮನೇಲಿ ಬಿಟ್ಟು ಬರ್ಬೇಡಿ.”

“ಆಯ್ತು. ಎಷ್ಟು ಅಂತ ಬರ್ಕೊಳ್ಲಿ?”

ಅವಳು ಮತ್ತೆ ನೋಡಿದಳು. ಈಗ ಗೆರೆ ಸ್ಪಷ್ಟವಾಗಿತ್ತು.

“ಎಂಬತ್ತಾರು.”

ಅವನು ಎಂಬತ್ತಾರು ಎಂದು ಬರೆದ. ಕೆಳಗೆ ಇಬ್ಬರೂ ಸಹಿ ಮಾಡಿದರು. ಮಾಘದಲ್ಲಿ ಮದುವೆಯಾಯಿತು.